ನೌಕರರ ದೇಣಿಗೆ ಯೋಜನೆ: ಸೇರುವ ಮೊದಲು ಎಲ್ಲರೂ ಕೇಳುವ ಪ್ರಶ್ನೆಗಳು

ಕಚೇರಿಯ ದೇಣಿಗೆ ಸಮಿತಿಯಲ್ಲಿ ನಾನು ಹಲವು ವರ್ಷ ಕೆಲಸ ಮಾಡಿದ್ದೇನೆ. ಹೊಸಬರು ಬಂದಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಲಿಫ್ಟ್ ಹತ್ತಿರ ನಿಂತು ಅವಸರದಲ್ಲಿ ಹೇಳಿದ ಉತ್ತರಗಳನ್ನು ಇಲ್ಲಿ ನಿಧಾನವಾಗಿ ಬರೆದಿದ್ದೇನೆ. ಕೊಡುವವರಿಗೂ ಯೋಜನೆ ನಡೆಸುವವರಿಗೂ ಇದು ಉಪಯೋಗಕ್ಕೆ ಬರಲಿ.

ನೌಕರರ ದೇಣಿಗೆ ಯೋಜನೆ ಅಂದರೆ ಏನು?

ಒಂದೇ ಕಡೆ ಕೆಲಸ ಮಾಡುವವರು ಸೇರಿ ತಮ್ಮ ಸುತ್ತಲಿನ ಜನರಿಗಾಗಿ ಹಣವನ್ನೋ ಸಮಯವನ್ನೋ ಕೊಡುವ ಏರ್ಪಾಡು. ಸಾಮಾನ್ಯವಾಗಿ ಇದು ಮೂರು ರೀತಿಯಲ್ಲಿ ನಡೆಯುತ್ತದೆ. ನೀವು ಒಪ್ಪಿದಷ್ಟು ಹಣ ಪ್ರತಿ ತಿಂಗಳು ಸಂಬಳದಿಂದ ಕಡಿತವಾಗಿ ಸೇವಾ ಸಂಸ್ಥೆಗೆ ಹೋಗುತ್ತದೆ. ಅಥವಾ ನೀವು ಕೊಟ್ಟಷ್ಟನ್ನೇ ಕಂಪನಿಯೂ ಸೇರಿಸುತ್ತದೆ, ಇದನ್ನು ಮ್ಯಾಚಿಂಗ್ ಅನ್ನುತ್ತಾರೆ. ಇಲ್ಲವೇ ಸಂಬಳ ಕಡಿತವಿಲ್ಲದೆ ಒಂದೆರಡು ದಿನ ಸೇವೆಗೆ ಹೋಗಲು ಬಿಡುತ್ತಾರೆ. ಕೆಲವು ಕಡೆ ಮೂರೂ ಇರುತ್ತವೆ.

ಇಲ್ಲಿ ಸಮುದಾಯ ಅಂದರೆ ನಿಮ್ಮ ಕೆಲಸದ ಜಾಗದ ಸುತ್ತಮುತ್ತ ಬದುಕುವವರು. ನೀವು ದಿನಾ ಓಡಾಡುವ ರಸ್ತೆಯ ಆಚೆ ಈಚೆ ಇರುವವರು.

ಇದು ಈಗಿನ ಕಾಲದ ಹೊಸ ವಿಚಾರವೇ?

ಅಲ್ಲ. 1887ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಫ್ರಾನ್ಸಿಸ್ ವೈಸ್‌ಬಾರ್ಟ್ ಜೇಕಬ್ಸ್ ಎಂಬ ಮಹಿಳೆ ಮತ್ತು ಕೆಲವು ಧರ್ಮಗುರುಗಳು ಸೇರಿ ಊರಿನ ಹಲವು ಸೇವಾ ಸಂಸ್ಥೆಗಳಿಗೆ ಒಟ್ಟಿಗೆ ಹಣ ಕೂಡಿಸಲು ಶುರು ಮಾಡಿದರು. ಹತ್ತು ಸಂಸ್ಥೆಗಳು ಒಂದೇ ಮನೆಯ ಬಾಗಿಲು ಹತ್ತು ಸಲ ತಟ್ಟುವ ಬದಲು, ಒಮ್ಮೆ ಕೇಳಿ ಎಲ್ಲರಿಗೂ ಹಂಚುವುದು ಅವರ ಯೋಚನೆ. ಇವತ್ತಿಗೂ ಹೀಗೆ ಒಟ್ಟಿಗೆ ಹಣ ಕೂಡಿಸಿ ಹಂಚುವ ಯುನೈಟೆಡ್ ವೇ ಸಂಸ್ಥೆ ತನ್ನ ಬೇರು ಅಲ್ಲಿದೆ ಎಂದೇ ಹೇಳಿಕೊಳ್ಳುತ್ತದೆ. 1913ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಇಂಥದ್ದೇ ನಿಧಿ ಇನ್ನೂ ಅಚ್ಚುಕಟ್ಟಾಗಿ ಶುರುವಾಯಿತು.

ಆಮೇಲೆ ಕಂಪನಿಗಳು ಬಂದವು. 1954ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರತಿಷ್ಠಾನ ಮ್ಯಾಚಿಂಗ್ ಶುರು ಮಾಡಿತು. ನೌಕರರು ತಾವು ಓದಿದ ಕಾಲೇಜಿಗೆ ಕೊಟ್ಟರೆ ಅದೂ ಕೊಡುತ್ತಿತ್ತು. ಬ್ರಿಟನ್‌ನಲ್ಲಿ 1987ರಿಂದ ಸಂಬಳದಿಂದಲೇ ದೇಣಿಗೆ ಕಡಿತ ಮಾಡುವ ವ್ಯವಸ್ಥೆಗೆ ಕಾನೂನಿನ ಆಧಾರ ಇದೆ. 1999ರಲ್ಲಿ ಹುಟ್ಟಿದ ಸೇಲ್ಸ್‌ಫೋರ್ಸ್ ಕಂಪನಿ ತನ್ನ ಷೇರು, ಉತ್ಪನ್ನ, ನೌಕರರ ಸಮಯ ಈ ಮೂರರಲ್ಲೂ ಶೇಕಡಾ 1 ಸಮಾಜಕ್ಕೆ ಎಂದು ಮೊದಲೇ ತೀರ್ಮಾನಿಸಿತು. ಲಾಭ ಬಂದ ಮೇಲೆ ನೋಡೋಣ ಅನ್ನದೆ ಶುರುವಿನಲ್ಲೇ ಎತ್ತಿಟ್ಟದ್ದು ನನಗೆ ತುಂಬಾ ಹಿಡಿಸಿದ ಸಂಗತಿ.

ಕಂಪನಿ ಹೇಗೂ ಸಿಎಸ್‌ಆರ್ ಮಾಡುತ್ತದಲ್ಲ, ನಾನು ಯಾಕೆ ಕೊಡಬೇಕು?

ಇವೆರಡೂ ಬೇರೆ ಬೇರೆ. ಸಿಎಸ್‌ಆರ್, ಅಂದರೆ ಕಂಪನಿಯ ಸಾಮಾಜಿಕ ಹೊಣೆಗಾರಿಕೆ, ನಡೆಯುವುದು ಕಂಪನಿಯ ಹಣದಲ್ಲಿ. ಉದಾಹರಣೆಗೆ ಭಾರತದ 2013ರ ಕಂಪನಿ ಕಾಯ್ದೆ ಪ್ರಕಾರ, ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇಕಡಾ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಅದು ಕಂಪನಿಯ ಹೊಣೆ. ನಿಮ್ಮ ಸಂಬಳದಿಂದ ಹೋದದ್ದು ನಿಮ್ಮ ಹಣ, ಅದರ ಶ್ರೇಯಸ್ಸೂ ನಿಮ್ಮದು. ಎರಡನ್ನೂ ಒಂದೇ ಲೆಕ್ಕದಲ್ಲಿ ಬೆರೆಸಿ ತೋರಿಸುತ್ತಿದ್ದರೆ ನೀವು ಪ್ರಶ್ನೆ ಕೇಳಬೇಕು.

ಹಾಗಾದರೆ ನೀವು ಯಾಕೆ ಕೊಡಬೇಕು? ಕೊಡಲೇಬೇಕು ಅಂತ ನಾನು ಹೇಳುವುದಿಲ್ಲ. ಆದರೆ ದೊಡ್ಡ ಕಂಪನಿಯ ಹಣ ದೊಡ್ಡ ಯೋಜನೆಗಳ ಕಡೆ ಹರಿಯುತ್ತದೆ. ಇಬ್ಬರು ಮೂವರು ಸೇರಿ ನಡೆಸುವ ಓದಿನ ಮನೆ, ವಯಸ್ಸಾದವರಿಗೆ ಔಷಧಿ ತಲುಪಿಸುವ ಗುಂಪು, ಇವರ ಕೈಯಲ್ಲಿ ದಪ್ಪ ವರದಿಗಳೂ ಇಲ್ಲ, ಅರ್ಜಿ ಬರೆಯುವ ಸಿಬ್ಬಂದಿಯೂ ಇಲ್ಲ. ಅಂಥವರು ನೌಕರರ ಕಣ್ಣಿಗೆ ಬೀಳುತ್ತಾರೆ. ಬೋರ್ಡ್ ಮೀಟಿಂಗ್‌ನ ಕಣ್ಣಿಗೆ ಬೀಳುವುದು ಕಷ್ಟ.

ಸಂಬಳದಿಂದ ಕಡಿತ ಹೇಗೆ ನಡೆಯುತ್ತದೆ? ತೆರಿಗೆ ಕಡಿಮೆ ಆಗುತ್ತದಾ?

ನೀವು ಒಂದು ಒಪ್ಪಿಗೆ ಪತ್ರ ಕೊಡುತ್ತೀರಿ. ಎಷ್ಟು, ಯಾವ ಸಂಸ್ಥೆಗೆ, ಯಾವಾಗಿನಿಂದ ಎಂದು ಅದರಲ್ಲಿ ಇರುತ್ತದೆ. ಪೇ ಸ್ಲಿಪ್‌ನಲ್ಲಿ ಅದಕ್ಕೊಂದು ಪ್ರತ್ಯೇಕ ಸಾಲು ಬರಬೇಕು. ಬರದಿದ್ದರೆ ಸಂಬಳ ವಿಭಾಗದವರನ್ನು ಕೇಳಿ.

ತೆರಿಗೆ ವಿಚಾರ ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್‌ನಲ್ಲಿ ಆದಾಯ ತೆರಿಗೆ ಲೆಕ್ಕ ಹಾಕುವ ಮೊದಲೇ ದೇಣಿಗೆ ಕಳೆಯುತ್ತಾರೆ, ಹಾಗಾಗಿ ವಿನಾಯಿತಿ ಅಲ್ಲೇ ಸಿಕ್ಕಿಬಿಡುತ್ತದೆ. ಭಾರತದಲ್ಲಿ 80ಜಿ ಎಂದು ಎಲ್ಲರ ಬಾಯಲ್ಲಿರುವ ವಿನಾಯಿತಿ ನೋಂದಾಯಿತ ಸಂಸ್ಥೆಗೆ ಕೊಟ್ಟ ಹಣಕ್ಕೆ ಮಾತ್ರ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಅದು ಇಲ್ಲ. ನಿಮ್ಮ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿ, ರಸೀದಿ ಜೋಪಾನ ಮಾಡಿ.

ನಾನು ಕೊಡುವುದು ತೀರಾ ಕಡಿಮೆ. ಅದರಿಂದ ಏನಾದರೂ ಆಗುತ್ತದಾ?

ಆಗುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಅನ್ನುವುದು ಎಲ್ಲರಿಗೂ ಗೊತ್ತು, ಅದನ್ನು ಮತ್ತೆ ಹೇಳುವುದಿಲ್ಲ. ನಾನು ಹೇಳಬೇಕೆಂದಿರುವುದು ಬೇರೆ. ಸಣ್ಣ ಸಂಸ್ಥೆಗೆ ಮೊತ್ತಕ್ಕಿಂತ ಜಾಸ್ತಿ ಬೇಕಾದದ್ದು ಭರವಸೆ.

ಸಂಜೆ ಶಾಲೆ ನಡೆಸುವ ಒಬ್ಬರನ್ನು ನೆನೆಸಿಕೊಳ್ಳಿ. ವರ್ಷಕ್ಕೊಮ್ಮೆ ದೊಡ್ಡ ಚೆಕ್ ಬಂದರೆ ಖುಷಿ ಆಗುತ್ತದೆ. ಆದರೆ ಮುಂದಿನ ವರ್ಷ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಹಾಗಾಗಿ ಅವರು ಒಬ್ಬ ಶಿಕ್ಷಕಿಯನ್ನು ಕಾಯಂ ಮಾಡಿಕೊಳ್ಳಲು ಹೆದರುತ್ತಾರೆ. ಅದೇ ಐವತ್ತು ಜನ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕೊಡುತ್ತಿದ್ದರೆ, ಒಬ್ಬರೋ ಇಬ್ಬರೋ ಬಿಟ್ಟರೂ ಉಳಿದವರ ಹಣ ಬರುತ್ತಲೇ ಇರುತ್ತದೆ. ಅದನ್ನು ನಂಬಿ ಶಿಕ್ಷಕಿಗೆ ಮಾತು ಕೊಡಬಹುದು. ಮಕ್ಕಳಿಗೆ ವರ್ಷ ವರ್ಷ ಅದೇ ಟೀಚರ್ ಸಿಗುತ್ತಾರೆ. ಸಂಬಳ ಕಡಿತದ ಯೋಜನೆಯ ನಿಜವಾದ ಬಲ ಇದು ಎಂದು ನನ್ನ ಅನಿಸಿಕೆ.

ನಿಮ್ಮ ಮನೆ ಖರ್ಚಿಗೆ ಕಷ್ಟ ಆಗದಷ್ಟು ಕೊಡಿ. ಹಾಸಿಗೆ ಇದ್ದಷ್ಟು ಕಾಲು ಚಾಚುವ ಮಾತು ದೇಣಿಗೆಗೂ ಸಲ್ಲುತ್ತದೆ. ಆರು ತಿಂಗಳು ಜೋರಾಗಿ ಕೊಟ್ಟು ನಿಲ್ಲಿಸುವುದಕ್ಕಿಂತ, ಆರು ವರ್ಷ ಸಲೀಸಾಗಿ ಕೊಡುವ ಮೊತ್ತ ಆರಿಸಿಕೊಳ್ಳಿ.

ಮ್ಯಾಚಿಂಗ್ ಇದ್ದರೆ ಜನ ನಿಜವಾಗಿ ಜಾಸ್ತಿ ಕೊಡುತ್ತಾರಾ?

ಇದನ್ನು ಅರ್ಥಶಾಸ್ತ್ರಜ್ಞರಾದ ಡೀನ್ ಕಾರ್ಲನ್ ಮತ್ತು ಜಾನ್ ಲಿಸ್ಟ್ ಪರೀಕ್ಷಿಸಿ ನೋಡಿದ್ದಾರೆ. ಹಿಂದೆ ದೇಣಿಗೆ ಕೊಟ್ಟಿದ್ದ 50,000ಕ್ಕೂ ಹೆಚ್ಚು ಜನರಿಗೆ ಮನವಿ ಪತ್ರ ಹೋಯಿತು. ಕೆಲವರ ಪತ್ರದಲ್ಲಿ ಮ್ಯಾಚಿಂಗ್ ಮಾತಿತ್ತು, ಕೆಲವರದ್ದರಲ್ಲಿ ಇರಲಿಲ್ಲ. 2007ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ, ಮ್ಯಾಚಿಂಗ್ ಇದ್ದ ಕಡೆ ಪ್ರತಿ ಪತ್ರಕ್ಕೆ ಬಂದ ಹಣ ಶೇಕಡಾ 19ರಷ್ಟು ಹೆಚ್ಚಿತ್ತು. ಆದರೆ ಒಂದಕ್ಕೆ ಒಂದರ ಬದಲು ಒಂದಕ್ಕೆ ಎರಡು, ಒಂದಕ್ಕೆ ಮೂರು ಕೊಡುತ್ತೇವೆ ಎಂದದ್ದರಿಂದ ಇನ್ನೂ ಹೆಚ್ಚೇನೂ ಆಗಲಿಲ್ಲ.

ಆ ಪ್ರಯೋಗ ನಡೆದದ್ದು ಕಚೇರಿಯಲ್ಲಲ್ಲ, ಅಂಚೆ ಮೂಲಕ. ಆದರೂ ಯೋಜನೆ ನಡೆಸುವವರಿಗೆ ಇದರಲ್ಲಿ ಒಂದು ಪಾಠವಿದೆ. ನಿಮ್ಮ ಹತ್ತಿರ ಇರುವ ಹಣವನ್ನು ಮೂರು ಪಟ್ಟು ಮ್ಯಾಚಿಂಗ್‌ಗೆ ಸುರಿಯಬೇಡಿ. ಒಂದಕ್ಕೊಂದು ಕೊಡಿ, ಹೆಚ್ಚು ಜನರಿಗೆ, ಹೆಚ್ಚು ತಿಂಗಳು ಕೊಡಿ.

ನೌಕರರಿಗೆ ಒಂದು ಮಾತು. ಎಷ್ಟೋ ಕಡೆ ಮ್ಯಾಚಿಂಗ್ ತಾನಾಗಿ ಆಗುವುದಿಲ್ಲ, ಅರ್ಜಿ ಹಾಕಬೇಕು. ಕೊನೆಯ ದಿನಾಂಕವೂ ಇರುತ್ತದೆ. ದೇಣಿಗೆ ಕೊಟ್ಟ ದಿನವೇ ಅರ್ಜಿಯನ್ನೂ ಹಾಕಿಬಿಡಿ. ಮರೆತರೆ ಆ ಸಂಸ್ಥೆಗೆ ಸೇರಬೇಕಾದ ಅರ್ಧ ಹಣ ಸುಮ್ನೆ ಕೈತಪ್ಪುತ್ತದೆ.

ಎಲ್ಲರೂ ಕೊಡುತ್ತಿದ್ದಾರೆ. ನಾನು ಇಲ್ಲ ಅಂದರೆ ಮ್ಯಾನೇಜರ್ ಏನಂದುಕೊಳ್ಳುತ್ತಾರೋ ಅಂತ ಭಯ. ಕೊಡಲೇಬೇಕಾ?

ಬೇಡ. ಖಂಡಿತಾ ಬೇಡ.

ಈ ಪ್ರಶ್ನೆಗೆ ನಾನು ಉಳಿದ ಎಲ್ಲಕ್ಕಿಂತ ಜಾಸ್ತಿ ಜಾಗ ಕೊಡುತ್ತೇನೆ. ಯಾಕೆಂದರೆ ನಾವು ಇಲ್ಲಿ ತಪ್ಪು ಮಾಡಿದ್ದೆವು. ಮೊದಲ ವರ್ಷ ಉತ್ಸಾಹದಲ್ಲಿ, ಕೊಟ್ಟವರ ಹೆಸರನ್ನೂ ಮೊತ್ತವನ್ನೂ ನೋಟಿಸ್ ಬೋರ್ಡ್‌ಗೆ ಹಾಕಿದೆವು. ಉಳಿದವರಿಗೆ ಹುರುಪು ಬರಲಿ ಎಂಬ ಆಸೆ. ಎರಡು ವಾರ ಆದ ಮೇಲೆ, ಕಚೇರಿ ಸ್ವಚ್ಛ ಮಾಡುವ ಒಬ್ಬ ಅಕ್ಕ ಸಮಿತಿಯ ಮೇಜಿನ ಹತ್ತಿರ ಬಂದು ಮಡಚಿದ ನೋಟು ಇಟ್ಟರು. "ನನ್ನ ಹೆಸರೂ ಹಾಕಿ ಅಮ್ಮ, ಎಲ್ಲರದ್ದೂ ಇದೆ, ನಂದು ಮಾತ್ರ ಇಲ್ಲ" ಅಂದರು. ಆ ತಿಂಗಳು ಅವರ ಮಗಳ ಫೀಸು ಕಟ್ಟಲು ಆಗಿಲ್ಲ ಅನ್ನುವುದು ನನಗೆ ಆಮೇಲೆ ತಿಳಿಯಿತು. ಯಾರೂ ಅವರನ್ನು ಕೇಳಿರಲಿಲ್ಲ. ಆ ಪಟ್ಟಿಯೇ ಕೇಳಿತ್ತು. ಅವತ್ತೇ ಅದನ್ನು ಕಿತ್ತು ಹಾಕಿದೆವು, ನೋಟನ್ನು ಅವರ ಕೈಗೆ ವಾಪಸ್ ಕೊಟ್ಟೆವು. ನನ್ನ ಮನಸ್ಸಿನಿಂದ ಆ ದಿನ ಹೋಗಿಲ್ಲ.

ಆಮೇಲೆ ನಾವು ಮಾಡಿಕೊಂಡ ನಿಯಮಗಳು ಇವು. ಯಾರು ಎಷ್ಟು ಕೊಟ್ಟರು ಎಂಬುದು ಸಂಬಳ ವಿಭಾಗದ ಒಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಾಗಬಾರದು, ಸಮಿತಿಗೂ ಕೂಡ. ಮೇಲಧಿಕಾರಿ ತನ್ನ ಕೈಕೆಳಗಿನವರನ್ನು ನೇರವಾಗಿ ಕೇಳಬಾರದು. ತಂಡ ತಂಡಗಳ ನಡುವೆ ಪೈಪೋಟಿ ಬೇಡ, "ನೂರಕ್ಕೆ ನೂರು ಜನ ಕೊಟ್ಟ ತಂಡ" ಎಂಬ ಬಹುಮಾನವಂತೂ ಬೇಡವೇ ಬೇಡ. ಆ ತಂಡದಲ್ಲಿ ಕೊಡಲಾಗದ ಒಬ್ಬರಿದ್ದರೆ ಅವರ ಪಾಡೇನು, ಅಲ್ವಾ? ಫಾರ್ಮ್‌ನಲ್ಲಿ ಮೊದಲೇ ಟಿಕ್ ಹಾಕಿ ಇಡಬಾರದು. ನಿಲ್ಲಿಸುವುದು ಸೇರುವುದರಷ್ಟೇ ಸುಲಭ ಇರಬೇಕು, ಕಾರಣ ಕೇಳಬಾರದು.

ಪಟ್ಟಿ ತೆಗೆದ ಮೇಲೆ ಕೊಡುವವರ ಸಂಖ್ಯೆ ಸ್ವಲ್ಪ ಇಳಿಯಿತು. ಅದು ಸರಿಯಾದ ಸಂಖ್ಯೆ ಎಂದು ನಾವು ಒಪ್ಪಿಕೊಂಡೆವು. ಉಳಿದವರು ಮನಸಾರೆ ಕೊಡುತ್ತಿದ್ದರು.

ಯಾವ ಸಂಸ್ಥೆಗೆ ಕೊಡಬೇಕು ಎಂದು ಹೇಗೆ ಆರಿಸುವುದು?

ಮೊದಲು ಕಾಗದ ಪತ್ರ ನೋಡಿ: ನೋಂದಣಿ ಇದೆಯಾ, ಲೆಕ್ಕ ಆಡಿಟ್ ಆಗಿದೆಯಾ, ಬ್ಯಾಂಕ್ ಖಾತೆ ಸಂಸ್ಥೆಯ ಹೆಸರಿನಲ್ಲೇ ಇದೆಯಾ ಅಥವಾ ಒಬ್ಬರ ಸ್ವಂತ ಹೆಸರಿನಲ್ಲಿದೆಯಾ. ಇಷ್ಟು ನೋಡಲು ಒಂದು ಮಧ್ಯಾಹ್ನ ಸಾಕು.

ಆಮೇಲೆ ಅಲ್ಲಿಗೆ ಹೋಗಿ. ಹೇಳಿ ಒಮ್ಮೆ ಹೋಗಿ, ಅವರು ಒಪ್ಪಿದರೆ ಯಾವುದೋ ಮಾಮೂಲಿ ದಿನ ಇನ್ನೊಮ್ಮೆ ಹೋಗಿ. ಅಲ್ಲಿ ಕೆಲಸ ಮಾಡುವವರ ಜೊತೆ ಮಾತಾಡಿ, ಮುಖ್ಯಸ್ಥರ ಜೊತೆ ಮಾತ್ರ ಅಲ್ಲ. "ಕಳೆದ ವರ್ಷ ಯಾವುದು ಸರಿಹೋಗಲಿಲ್ಲ?" ಎಂದು ಕೇಳಿ. ಈ ಪ್ರಶ್ನೆಗೆ ಬಿಚ್ಚು ಮನಸ್ಸಿನಿಂದ ಉತ್ತರ ಕೊಡುವವರನ್ನು ನಾನು ನಂಬುತ್ತೇನೆ. ಎಲ್ಲವೂ ಚೆನ್ನಾಗಿದೆ ಅನ್ನುವವರ ಬಳಿ ಇನ್ನೊಂದು ಸಲ ಕೂತು ಮಾತಾಡುತ್ತೇನೆ.

ಸಮಿತಿಯವರ ಬಂಧು ಬಳಗದ ಸಂಸ್ಥೆ ಪಟ್ಟಿಯಲ್ಲಿದ್ದರೆ, ಅವರು ಅದನ್ನು ಮೊದಲೇ ಹೇಳಿ ಆ ತೀರ್ಮಾನದಿಂದ ದೂರ ಇರಬೇಕು.

ಜನರಿಗೆ ಏನು ಬೇಕು ಎಂದು ನಮಗೆ ಹೇಗೆ ಗೊತ್ತಾಗಬೇಕು?

ಅವರನ್ನೇ ಕೇಳಿ. ಉತ್ತರ ಇಷ್ಟೇ, ಆದರೆ ಇದನ್ನು ಕಲಿಯಲು ನಮಗೆ ಎರಡು ವರ್ಷ ಹಿಡಿಯಿತು.

ಹತ್ತಿರದ ಒಂದು ಶಾಲೆಗೆ ನಾವು ಒಮ್ಮೆ ಬಣ್ಣ ಬಳಿಯಲು ಹೋದೆವು. ಅರವತ್ತು ಜನ, ಟೀ ಶರ್ಟ್, ಬ್ರಷ್, ದೊಡ್ಡ ಬ್ಯಾನರ್. ಗೋಡೆ ಆಗಲೇ ಚೆನ್ನಾಗಿತ್ತು. ಹಿಂದಿನ ವರ್ಷ ಬೇರೆ ಕಚೇರಿಯವರು ಬಂದು ಬಳಿದಿದ್ದರಂತೆ. ಮುಖ್ಯೋಪಾಧ್ಯಾಯಿನಿ ಏನೂ ಹೇಳಲಿಲ್ಲ, ಬಂದವರಿಗೆ ಬೇಜಾರಾಗಬಾರದು ಎಂದು ಸುಮ್ಮನಿದ್ದರು. ಮಧ್ಯಾಹ್ನ ನೀರು ಕುಡಿಯುವಾಗ ಒಬ್ಬ ಹುಡುಗಿ ನನ್ನ ಹತ್ತಿರ ಬಂದು, ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ ಅಂದಳು. ಒಬ್ಬರು ಒಳಗೆ ಹೋದರೆ ಗೆಳತಿ ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಗೆಳತಿ ಶಾಲೆಗೆ ಬರದ ದಿನ ಇವಳು ನೀರೇ ಕುಡಿಯುವುದಿಲ್ಲ.

ನಾವು ತಂದಿದ್ದ ಬಣ್ಣದ ಒಂದು ಡಬ್ಬಿಯ ಬೆಲೆಗೆ ಅಲ್ಲಿನ ಎಲ್ಲಾ ಬಾಗಿಲಿಗೂ ಚಿಲಕ ಹಾಕಿಸಬಹುದಿತ್ತು. ಮರುದಿನವೇ ಹಾಕಿಸಿದೆವು. ಆದರೆ ಅವಳು ಧೈರ್ಯ ಮಾಡಿ ಹೇಳದಿದ್ದರೆ?

ಅಂದಿನಿಂದ ನಾವು ಯಾವ ಕೆಲಸಕ್ಕೂ ಮೊದಲು ಮೂರು ಕಡೆ ಕೇಳುತ್ತೇವೆ: ಸಂಸ್ಥೆ ನಡೆಸುವವರನ್ನು, ಅಲ್ಲಿ ದಿನಾ ಕೆಲಸ ಮಾಡುವವರನ್ನು, ಅದರ ಉಪಯೋಗ ಪಡೆಯುವವರನ್ನು. ಮೂವರ ಉತ್ತರ ಬೇರೆಬೇರೆ ಬಂದರೆ ಕೊನೆಯವರ ಮಾತಿಗೆ ಹೆಚ್ಚು ಬೆಲೆ. ಕೇಳುವಾಗ ಕೈಯಲ್ಲಿ ನಮ್ಮದೇ ಪಟ್ಟಿ ಹಿಡಿದು ಹೋಗುವುದಿಲ್ಲ. "ಕಂಪ್ಯೂಟರ್ ಬೇಕಾ?" ಎಂದರೆ ಯಾರು ತಾನೇ ಬೇಡ ಅನ್ನುತ್ತಾರೆ? "ದಿನದಲ್ಲಿ ತುಂಬಾ ತೊಂದರೆ ಆಗುವುದು ಯಾವಾಗ?" ಎಂದು ಕೇಳಿದರೆ ನಿಜ ಹೊರಬರುತ್ತದೆ.

ಹಣದ ಬದಲು ಬಟ್ಟೆ, ಪುಸ್ತಕ, ಸಾಮಾನು ಕೊಡಬಹುದಾ?

ಅವರು ಕೇಳಿದ್ದರೆ ಕೊಡಬಹುದು. ಕೇಳದಿದ್ದರೆ ಬೇಡ. 2004ರ ಸುನಾಮಿ ಆದಮೇಲೆ ತಮಿಳುನಾಡಿನ ಕರಾವಳಿಗೆ ಲಾರಿಗಟ್ಟಲೆ ಹಳೆಬಟ್ಟೆ ಬಂದು ರಸ್ತೆ ಬದಿ ರಾಶಿ ಬಿತ್ತು. ಕಳಿಸಿದವರ ಮನಸ್ಸು ಒಳ್ಳೆಯದೇ. ಆದರೆ ಅದನ್ನು ವಿಂಗಡಿಸಿ ಸಾಗಿಸುವ ಕೆಲಸ, ಆಗಲೇ ಕೈ ಸೋತಿದ್ದವರ ಮೇಲೆ ಬಿತ್ತು. ಪರಿಹಾರ ಕೆಲಸ ಮಾಡುವವರು ಇದನ್ನು ಎರಡನೇ ವಿಪತ್ತು ಅನ್ನುತ್ತಾರೆ. ಹಣ ಕೊಟ್ಟರೆ ಬೇಕಾದ್ದನ್ನು ಬೇಕಾದ ದಿನ ಹತ್ತಿರದಲ್ಲೇ ಕೊಳ್ಳಬಹುದು.

ಕೊಡುವುದಾದರೆ ಒಂದೇ ಅಳತೆಗೋಲು: ನಿಮ್ಮ ಮನೆಯವರಿಗೆ ಕೊಡುವಂಥ ಸ್ಥಿತಿಯಲ್ಲಿ ಇದೆಯಾ?

ಹಣ ಕೊಡಲು ಆಗುವುದಿಲ್ಲ, ಸಮಯ ಕೊಡುತ್ತೇನೆ. ಆಗುತ್ತದಾ?

ಖಂಡಿತ. ಆದರೆ ಒಂದು ದಿನ ಅರವತ್ತು ಜನ ಹೋಗುವುದಕ್ಕಿಂತ, ಅರವತ್ತು ವಾರ ಒಬ್ಬರು ಹೋಗುವುದು ಮೇಲು. ಮಕ್ಕಳ ಜೊತೆ ಕೆಲಸವಾದರೆ ಇದು ಇನ್ನೂ ಮುಖ್ಯ. ಬಂದು ಪ್ರೀತಿ ತೋರಿಸಿ ಮತ್ತೆ ಬಾರದವರನ್ನು ಅವರು ಬಹಳ ದಿನ ಕಾಯುತ್ತಾರೆ.

ನಿಮ್ಮ ಕೆಲಸದ ಕೌಶಲವನ್ನೂ ಕೊಡಬಹುದು. ಲೆಕ್ಕ ಬರೆಯುವವರು ಸಣ್ಣ ಸಂಸ್ಥೆಯ ಪುಸ್ತಕ ಸರಿ ಮಾಡಿಕೊಡಬಹುದು. ವಕೀಲರು ಬಾಡಿಗೆ ಕರಾರು ಓದಿ ಹೇಳಬಹುದು. ಅದಕ್ಕೆಲ್ಲ ಅವರು ದುಡ್ಡು ಕೊಟ್ಟು ಹೊರಗಿನವರನ್ನು ಕರೆಯಬೇಕಾಗಿರುತ್ತದೆ. ಮಕ್ಕಳ ಜೊತೆ ಇರುವ ಕಡೆ ನಿಮ್ಮ ಹಿನ್ನೆಲೆ ಪರಿಶೀಲನೆ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ, ಕೇಳುವ ಸಂಸ್ಥೆ ಒಳ್ಳೆಯ ಸಂಸ್ಥೆ.

ನಮ್ಮ ಹಣ ಆಡಳಿತ ವೆಚ್ಚಕ್ಕೆ ಹೋಗಬಾರದು ಎಂದು ಷರತ್ತು ಹಾಕಬಹುದಾ?

ಹಾಕಬಹುದು, ಆದರೆ ಹಾಕಬೇಡಿ. ಆಡಳಿತ ವೆಚ್ಚ ಅಂದರೆ ಬಾಡಿಗೆ, ವಿದ್ಯುತ್, ಲೆಕ್ಕಿಗರ ಸಂಬಳ. ನಮ್ಮ ಕಚೇರಿ ಇವಿಲ್ಲದೆ ಒಂದು ದಿನ ನಡೆಯುತ್ತದಾ? 2013ರಲ್ಲಿ ಅಮೆರಿಕದಲ್ಲಿ ಸೇವಾ ಸಂಸ್ಥೆಗಳ ಬಗ್ಗೆ ದಾನಿಗಳಿಗೆ ಮಾಹಿತಿ ಕೊಡುವ ಮೂರು ಸಂಸ್ಥೆಗಳು, ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್, ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್, ದಾನಿಗಳಿಗೆ ಬಹಿರಂಗ ಪತ್ರ ಬರೆದವು. ಆಡಳಿತ ವೆಚ್ಚದ ಶೇಕಡಾವಾರು ಒಂದನ್ನೇ ಹಿಡಿದು ಸಂಸ್ಥೆಯನ್ನು ಅಳೆಯಬೇಡಿ ಎಂಬುದು ಅದರ ಸಾರ. ಎಲ್ಲರೂ ಪುಸ್ತಕಕ್ಕೇ ಕೊಟ್ಟು ದೀಪದ ಬಿಲ್ಲಿಗೆ ಯಾರೂ ಕೊಡದಿದ್ದರೆ ಸಂಜೆ ಶಾಲೆ ಕತ್ತಲಲ್ಲಿ ಕೂರಬೇಕಾಗುತ್ತದೆ. ಲೆಕ್ಕ ಕೇಳಿ, ಪೂರ್ತಿ ಕೇಳಿ. ಕೈ ಮಾತ್ರ ಕಟ್ಟಬೇಡಿ.

ಫೋಟೋ ತೆಗೆಯಬಹುದಾ?

ಕೆಲಸದ ಫೋಟೋ ತೆಗೆಯಿರಿ. ಪಡೆಯುವವರ ಮುಖ ಬೇಡ. ತೆಗೆಯಲೇಬೇಕಾದರೆ ಅವರ ಒಪ್ಪಿಗೆ, ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು. ಕೈಗೆ ಸಾಮಾನು ಕೊಡುವಾಗ ಕೇಳಿದ ಒಪ್ಪಿಗೆ ಒಪ್ಪಿಗೆಯಲ್ಲ.

ನಮ್ಮದು ಹದಿನೈದು ಜನರ ಕಚೇರಿ. ಎಲ್ಲಿಂದ ಶುರು ಮಾಡುವುದು?

ಸಾಫ್ಟ್‌ವೇರ್ ಬೇಡ, ಲೋಗೋ ಬೇಡ. ಆಸಕ್ತಿ ಇರುವ ಮೂವರು ಸಾಕು. ಒಂದೇ ಸಂಸ್ಥೆ ಆರಿಸಿ, ನಡೆದು ಹೋಗುವಷ್ಟು ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ಮೊದಲ ತಿಂಗಳು ಸುಮ್ನೆ ಹೋಗಿ ಬನ್ನಿ, ಏನೂ ಕೊಡಬೇಡಿ, ಏನೂ ಮಾತು ಕೊಡಬೇಡಿ. ಆಮೇಲೆ ಕನಿಷ್ಠ ಎರಡು ವರ್ಷ ಕೊಡುತ್ತೇವೆ ಎನ್ನುವಷ್ಟು ಧೈರ್ಯ ಬಂದರೆ ಶುರು ಮಾಡಿ. ಹಣ ಒಬ್ಬರ ಸ್ವಂತ ಖಾತೆಯ ಮೂಲಕ ಹೋಗಬಾರದು. ಪ್ರತಿಯೊಬ್ಬರೂ ನೇರವಾಗಿ ಸಂಸ್ಥೆಗೇ ಕಳಿಸುವಂತೆ ಮಾಡಿದರೆ ಲೆಕ್ಕದ ತಕರಾರು ಬರುವುದಿಲ್ಲ, ರಸೀದಿಯೂ ಅವರವರ ಹೆಸರಿಗೇ ಸಿಗುತ್ತದೆ.

ಸಹೋದ್ಯೋಗಿಗೇ ಕಷ್ಟ ಬಂದರೆ ಈ ನಿಧಿಯಿಂದ ಕೊಡಬಹುದಾ?

ಬೇಡ, ಅದಕ್ಕೆ ಬೇರೆಯೇ ನಿಧಿ ಇರಲಿ. ಊರಿನವರಿಗೆಂದು ಕೊಟ್ಟ ಹಣ ಊರಿನವರಿಗೇ ಹೋಗಬೇಕು. ತೆರಿಗೆ ನಿಯಮಗಳೂ ಎರಡಕ್ಕೂ ಬೇರೆ ಇರಬಹುದು. ಆದರೆ ಆ ಬೇರೆ ನಿಧಿಯನ್ನು ಮರೆಯಬೇಡಿ. ಕಷ್ಟದಲ್ಲಿರುವವರು ನಿಮ್ಮ ಪಕ್ಕದ ಕುರ್ಚಿಯಲ್ಲೂ ಇರಬಹುದು.

ಸಂಸ್ಥೆಗೆ ಕೊಡುವುದನ್ನು ನಿಲ್ಲಿಸಬೇಕಾದರೆ?

ಕನಿಷ್ಠ ಆರು ತಿಂಗಳು ಮೊದಲು ಹೇಳಿ, ನಿಧಾನಕ್ಕೆ ಇಳಿಸಿ. ಮೋಸ ಕಂಡುಬಂದರೆ ಮಾತು ಬೇರೆ, ಆಗ ತಕ್ಷಣ ನಿಲ್ಲಿಸಿ, ಕೊಟ್ಟವರಿಗೆಲ್ಲ ಕಾರಣ ತಿಳಿಸಿ.

ನಾನು ಕೆಲಸ ಬಿಟ್ಟರೆ ನನ್ನ ದೇಣಿಗೆ ಏನಾಗುತ್ತದೆ?

ಕೊನೆಯ ಸಂಬಳದ ಜೊತೆ ಕಡಿತವೂ ನಿಲ್ಲುತ್ತದೆ. ಬಾಕಿ ಮ್ಯಾಚಿಂಗ್ ಇದ್ದರೆ ಹೋಗುವ ಮೊದಲೇ ಅರ್ಜಿ ಹಾಕಿ. ಮುಂದುವರಿಸಬೇಕು ಅನಿಸಿದರೆ ಬ್ಯಾಂಕಿನಿಂದ ನೇರವಾಗಿ ಕಳಿಸುವ ಏರ್ಪಾಡು ಮಾಡಬಹುದು. ಆಗದಿದ್ದರೂ ಪರವಾಗಿಲ್ಲ, ಸಂಸ್ಥೆಯವರಿಗೆ ಒಂದು ಫೋನ್ ಮಾಡಿ ಹೇಳಿ. ಮುಂದಿನ ತಿಂಗಳ ಲೆಕ್ಕದಲ್ಲಿ ಅವರು ನಿಮ್ಮ ಹಣವನ್ನೂ ಸೇರಿಸಿಕೊಂಡಿರುತ್ತಾರೆ.